ನೀವು ಹಾರಿಸಿಬಿಟ್ಟ ಕಂತು

ಸಿಂಚನಾ, ಚಂದನ್, ಆ ಹಳೆಯ ಆಕಾಶನೌಕೆಯ ಧಾರಾವಾಹಿಯನ್ನು ಎರಡನೇ ಸಲ ನೋಡುವಾಗ ನೀವು ಒಂದು ಕಂತನ್ನು ಹಾರಿಸಿಬಿಟ್ಟಿರಿ. ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ನನಗೆ ಚುರುಕ್ ಎಂದಿತು. ಬಾಯಿಬಿಟ್ಟು ಹೇಳಲು ನಾಚಿಕೆ. ಮಾಯಸಂದ್ರದ ಕಡೆ ಹಳ್ಳಿ ಶಾಲೆಯಲ್ಲಿ ಓದಿದ ಮುದುಕಿ ನಕ್ಷತ್ರಗಳ ಕಥೆಗೆ ಹಟ ಹಿಡಿದರೆ ಚೆನ್ನಾಗಿರುತ್ತದೆಯೇ? ಅದಕ್ಕೇ ಬರೆಯುತ್ತಿದ್ದೇನೆ. ಆ ಕಂತನ್ನು ಇನ್ನೊಮ್ಮೆ ನೀವು ಪೂರ್ತಿ ನೋಡಬೇಕು, ಅಷ್ಟೇ ನನ್ನ ಆಸೆ.

ಮಿಕ್ಕ ಕಂತುಗಳಲ್ಲಿ ನಾನು ತೂಕಡಿಸಿದ್ದೇ ಹೆಚ್ಚು. ಎಲ್ಲಿ ನೋಡಿದರೂ ಹೊಡೆದಾಟ. ಯಾರಾದರೂ ಬಂಡೆಗೆ ಒರಗಿದರೆ ಬಂಡೆಯೇ ಅಲ್ಲಾಡುತ್ತದೆ, ರಟ್ಟಿನದು ಪಾಪ. ಈ ಕಂತಿನಲ್ಲಿ ಹೊಡೆದಾಟವಿಲ್ಲ. ಜನರಿಲ್ಲದ ಒಂದು ಲೋಕದ ಗುಹೆಯಲ್ಲಿ ಕುಂಬಳಕಾಯಿ ಗಾತ್ರದ ಗೋಳವೊಂದು ಸಿಗುತ್ತದೆ. ಒಳಗೆ ಜೀವವಿದೆ ಎನ್ನುತ್ತಾಳೆ ನೌಕೆಯ ಡಾಕ್ಟರಮ್ಮ. ಒಡೆದೇ ನೋಡೋಣ ಎಂದು ನಾಯಕ ಸುತ್ತಿಗೆ ಎತ್ತುತ್ತಾನೆ. ಮೊದಲ ಸಲ ನೋಡಿದಾಗ ನಾನು ಕೂತಲ್ಲಿಂದಲೇ ಕೂಗಿಬಿಟ್ಟೆ:

"ಅಯ್ಯೋ, ಒಡೀಬ್ಯಾಡ್ವೋ! ಇನ್ನೂ ನೀರೈತೆ ಅದ್ರಲ್ಲಿ!"

"ಅವ್ನಿಗೆ ಕೇಳ್ಸಲ್ಲ ಕಣಜ್ಜಿ," ಎಂದು ನಕ್ಕವನು ನೀನೇ, ಚಂದನ್.

ಆದರೆ ಡಾಕ್ಟರಮ್ಮ ಅವನ ಕೈ ತಡೆದಳು. ಗೋಳವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಒಳಗೆ ಏನೋ ಕುಲುಕಿತು. ಅವತ್ತೂ ಸುಲಿಯುತ್ತಿದ್ದ ಅವರೆಕಾಯಿ ನನ್ನ ಕೈಯಲ್ಲೇ ಉಳಿಯಿತು. ಅಟ್ಟದ ಮೇಲೆ ನಿಮ್ಮ ತಾತ ಕೊಬ್ಬರಿಗೆ ಬಿಟ್ಟ ಕಾಯಿಗಳನ್ನು ನೋಡುತ್ತಿದ್ದುದು ಹೀಗೆಯೇ. ಮೊದಮೊದಲು ಒಳಗೆ ನೀರು ಕುಲುಕುತ್ತದೆ. ತಿಂಗಳುಗಳು ಕಳೆದು ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಉಂಡೆಯಾಗಿ ಗಡಗಡ ಎನ್ನುತ್ತದೆ. ಇವೆರಡರ ನಡುವೆ ಒಂದು ಕಾಲವಿದೆ. ನೀರು ಇಂಗಿರುತ್ತದೆ, ಕೊಬ್ಬರಿ ಇನ್ನೂ ಚಿಪ್ಪಿಗೇ ಅಂಟಿರುತ್ತದೆ, ಎಷ್ಟು ಕುಲುಕಿದರೂ ಸದ್ದಿಲ್ಲ. ಅರಿಯದವರು ಕೆಟ್ಟುಹೋಯಿತೆಂದು ಒಡೆದು ಹಾಳುಮಾಡುವುದು ಆಗಲೇ.

ಆ ಗೋಳವೂ ಸದ್ದು ನಿಲ್ಲಿಸಿತು. ನಾಯಕ ಹೊರಡೋಣ ಎಂದ, ಡಾಕ್ಟರಮ್ಮ ಒಪ್ಪಲಿಲ್ಲ. ಇಂಧನ ಮುಗಿಯುತ್ತಿದೆ, ನೌಕೆ ಕಾಯಲಾರದು; ಅಲ್ಲೇ ಉಳಿದರೆ ಅವಳು ಮತ್ತೆ ತನ್ನ ಮನೆ ಕಾಣುವುದು ಅನುಮಾನ.

"ಸತ್ತೋಯ್ತು ಬುಡು. ಈಯಮ್ಮನ ಹಟ ನೋಡಜ್ಜಿ," ಎಂದೆ ನೀನು, ಸಿಂಚನಾ.

"ಸುಮ್ನಿರೇ. ಸದ್ದು ನಿಂತ್ರೆ ಸತ್ತಂಗಾ?"

ಅವಳು ಉಳಿದೇಬಿಟ್ಟಳು. ನೌಕೆ ಚುಕ್ಕಿಯಾಗಿ ಮರೆಯಾಯಿತು. ಅವಳು ಗೋಳಕ್ಕೆ ಕಿವಿಯಿಟ್ಟು ಕೂತಳು, ಪರದೆ ಕಪ್ಪಾಯಿತು. "ಇಷ್ಟೇನಾ? ವೇಸ್ಟು!" ಎಂದು ಇಬ್ಬರೂ ಎದ್ದು ಹೋದಿರಿ. ನನಗೆ ಮಾತ್ರ ಏಳಲಾಗಲಿಲ್ಲ. ತೆಂಗಿನಕಾಯಿ ಕಡಲಿನಲ್ಲಿ ತೇಲಿಹೋಗಿ ಕಾಣದ ದಡದಲ್ಲಿ ಮೊಳೆಯುತ್ತದೆಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಕಡಲನ್ನೇ ನೋಡದ ನಾನು ಆಗ ನಂಬಿರಲಿಲ್ಲ. ಈಗ ಈ ಕಥೆ ಬರೆದ, ನಮ್ಮ ಅಟ್ಟವನ್ನು ಕಂಡಿರದ ಯಾರೋ, ಯಾವುದೋ ದೇಶದಲ್ಲಿ ಕೂತು, ನಕ್ಷತ್ರಗಳಾಚೆ ಒಬ್ಬ ಹೆಂಗಸಿನ ಕಿವಿಗೆ ಕಾಯಿ ಹಿಡಿಸಿದ್ದಾರೆ! ಇದಕ್ಕಿಂತ ದೊಡ್ಡ ಸೋಜಿಗ ಆಕಾಶದಲ್ಲಿ ಏನಿದೆ?

ತಾತ ಹೋದ ಮೇಲೆ ನಾನು ಮಾತು ಬಿಟ್ಟದ್ದು ನಿಮಗೆ ನೆನಪಿರಬೇಕು. ಇವಳದೂ ಮುಗಿಯಿತು ಎಂದು ನೆಂಟರು ಪಿಸುಗುಟ್ಟಿದರು. ನಿಮ್ಮ ಅಮ್ಮ ಮಾತ್ರ ದಿನಾ ಸಂಜೆ ಪಕ್ಕದಲ್ಲಿ ಬಂದು ಕೂತು, ಏನೂ ಕೇಳದೆ ಎದ್ದುಹೋಗುತ್ತಿದ್ದಳು. ನಾನು ಮತ್ತೆ ಮಾತಾಡುತ್ತೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ.

ಗೋಳ ಕೊನೆಗೆ ಸದ್ದು ಮಾಡಿತೋ ಇಲ್ಲವೋ, ಕಥೆ ಹೇಳುವುದಿಲ್ಲ. ನಿಮಗೆ ಸಿಟ್ಟು ಬಂದದ್ದು ಅದಕ್ಕೇ. ಇವತ್ತೇ ನೋಡಿ ಎಂದು ಬಲವಂತ ಮಾಡುವುದಿಲ್ಲ. ಮುಂದೆಂದಾದರೂ ನಿಮಗೆ ಬೇಕಾದವರೊಬ್ಬರು ಸುಮ್ಮನಾಗಿಬಿಟ್ಟರೆ, ಆಗ ಹಾಕಿಕೊಂಡು ನೋಡಿ. ಅಲ್ಲಿಯವರೆಗೆ ಈ ಹಾಳೆಗಳು ನೆನೆಯದ ಹಾಗೆ, ಇಲಿ ಕಡಿಯದ ಹಾಗೆ ಎತ್ತಿಟ್ಟುಕೊಳ್ಳಿ, ಮಕ್ಕಳೇ.