ಚಾರುಬಾಲಾ ಕಲಿತ ಇಂಗ್ಲಿಷು

ಕಾಂತಾಮಾರಿ ದ್ವೀಪಕ್ಕೆ ನೀರು ನೋಡಲು ಬರುವವರಿಗೆಲ್ಲ ಅನ್ನ ಬೇಯಿಸಿ ಹಾಕುತ್ತಿದ್ದವಳು ಚಾರುಬಾಲಾ ಗಾಯೇನ್. ಮಾತಲಾ ನದಿ ಈ ವರ್ಷ ಎಷ್ಟು ನೆಲ ತಿಂದಿತು, ಇನ್ನೆಷ್ಟು ತಿಂದೀತು ಎಂದು ಅಳೆಯುವುದಕ್ಕೆ, ಚಳಿ ಕಾಲಿಟ್ಟ ಕೂಡಲೇ ಕಲ್ಕತ್ತೆಯಿಂದ, ದಿಲ್ಲಿಯಿಂದ, ಕಡಲಾಚೆಯಿಂದ ಜನ ಲಾಂಚಿನಲ್ಲಿ ಬಂದಿಳಿಯುತ್ತಿದ್ದರು. ಅವರಿಗೆಂದು ದೋಣಿಗಟ್ಟೆಯ ಪಕ್ಕದಲ್ಲಿ ತಗಡಿನ ಮನೆಯೊಂದಿತ್ತು. ಅದರ ಹಿಂದಿನ ಅಡುಗೆಮನೆ ಹನ್ನೊಂದು ವರ್ಷದಿಂದ ಚಾರುಬಾಲಾಳ ಕೈಯಲ್ಲಿತ್ತು.

ಅವಳು ಓದಿದ್ದು ಮೂರನೆಯ ಕ್ಲಾಸು. ಮಾತು ಕಡಿಮೆ. ಬಾಯಿ ಮುಚ್ಚಿಕೊಂಡಿರುವವಳಿಗೆ ಕಿವಿಯೂ ಮುಚ್ಚಿರುತ್ತದೆ ಎಂದು ಜನ ತಿಳಿಯುತ್ತಾರೆ. ಬಂದವರು ಬೆಕ್ಕಿನ ಮುಂದೆ ಮಾತಾಡಿದ ಹಾಗೆ ಅವಳ ಮುಂದೆ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅವಳು ಬಡಿಸುತ್ತಾ ಕೇಳುತ್ತಿದ್ದಳು. ಒಂದೇ ಮಾತು ಮೂರು ನಾಲ್ಕು ವರ್ಷ ಬೇರೆ ಬೇರೆ ಬಾಯಲ್ಲಿ ಬಂದರೆ ಅವಳ ಕಿವಿಯಲ್ಲಿ ಉಳಿದುಬಿಡುತ್ತಿತ್ತು. ಅರ್ಥವನ್ನು ಯಾರ ಹತ್ತಿರವೂ ಕೇಳಿದವಳಲ್ಲ. ಆಡುವವರ ಕೈ ಎತ್ತ ಹೋಗುತ್ತದೆ, ಮುಖ ಹೇಗಾಗುತ್ತದೆ, ಆಮೇಲೆ ಊರಿನಲ್ಲಿ ಏನಾಗುತ್ತದೆ ಎಂದು ನೋಡಿಕೊಂಡೇ ಕಲಿತಳು.

‘ಇರೋಶನ್’ ಎನ್ನುವಾಗ ಅವರ ಬೆರಳು ಅವಳ ಮಾವನ ದನದ ಕೊಟ್ಟಿಗೆ ಇದ್ದ ಜಾಗಕ್ಕೆ ಹೋಗುತ್ತಿತ್ತು. ಅಲ್ಲೀಗ ದೋಣಿ ಕಟ್ಟುತ್ತಾರೆ. ಐಲಾ ಬಿರುಗಾಳಿಯ ವರ್ಷ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ ಕೊಳದಲ್ಲಿ ಒಬ್ಬ ಹೆಂಗಸು ಗಾಜಿನ ಕೊಳವೆ ಅದ್ದಿ ‘ಸಲಿನಿಟಿ’ ಎಂದಿದ್ದಳು. ‘ವಲ್ನರಬಲ್’ ಎನ್ನುವಾಗ ಮಾತ್ರ ಬೆರಳು ಮನುಷ್ಯರ ಕಡೆಗೆ, ಅದರಲ್ಲೂ ಹೆಂಗಸರ ಕಡೆಗೆ ತಿರುಗುತ್ತಿತ್ತು. ಎರಡು ಸಲ ಅವಳ ಕಡೆಗೇ ತಿರುಗಿತ್ತು. ಇನ್ನೊಂದು ಮಾತು ‘ರೆಸಿಲಿಯೆಂಟ್’. ಇದನ್ನು ನಗುತ್ತಾ ಹೇಳುತ್ತಾರೆ, ಬೆನ್ನು ತಟ್ಟುತ್ತಾರೆ, ಆಮೇಲೆ ಲಾಂಚು ಹತ್ತುತ್ತಾರೆ. ಹಾಗಾಗಿ ಹೊರಡುವ ಹೊತ್ತಿನ ಮಾತು ಅದು ಎಂದೇ ಅವಳು ತಿಳಿದಿದ್ದಳು.

ಈ ಮಾತುಗಳನ್ನೆಲ್ಲ ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಬಂಗಾಳಿ ಅಕ್ಷರದಲ್ಲಿ ಬರೆದಿಟ್ಟಿದ್ದಳು. ಅದನ್ನು ಕಂಡವಳು ಒಬ್ಬಳೇ, ಮೈದುನನ ಹೆಂಡತಿ ಮಿನೋತಿ. ಸ್ನಾನದ ಕಟ್ಟೆಯಲ್ಲಿ ಹತ್ತು ಜನರ ಎದುರಿಗೆ ಅವಳು, “ನದಿಗೂ ಸ್ವಲ್ಪ ಇಂಗ್ಲಿಷಲ್ಲಿ ಬುದ್ಧಿ ಹೇಳು ದಿದಿ, ಬಂಗಾಳಿ ಕೇಳ್ತಿಲ್ಲ ಅದು,” ಎಂದು ನಗಿಸಿದ್ದಳು.

ಗೋಡೆಯ ಮೇಲೆ ಬರೆಯದೆ ಬಿಟ್ಟ ಮಾತೂ ಒಂದಿತ್ತು. ಎರಡು ವರ್ಷದ ಹಿಂದೆ ಊಟಕ್ಕೆ ಕುಳಿತ ದಪ್ಪ ಎಂಜಿನಿಯರೊಬ್ಬ ಬೇಳೆ ಸಾರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಗೆರೆ ಎಳೆದ. ಅದು ನದಿಯನ್ನು ತಡೆಯುವ ಮಣ್ಣಿನ ಏರಿ. ಆಮೇಲೆ ಅದನ್ನು ಅಂಗೈಯಿಂದ ಒರೆಸಿ, ಒಳಗಡೆಗೆ ಇನ್ನೊಂದು ಗೆರೆ ಎಳೆದು ‘ರಿಟ್ರೀಟ್’ ಎಂದ. ಮೇಜನ್ನು ಒರೆಸಿದವಳು ಚಾರುಬಾಲಾ. ಒಂಬತ್ತು ತಿಂಗಳಿಗೆ ಖೇಜುರತಲಾ ಕೇರಿಯ ಹಿಂದೆ ಹೊಸ ಏರಿ ಎದ್ದಿತು. ಇಪ್ಪತ್ತೇಳು ಮನೆ ಹೊರಗುಳಿದವು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಕೇರಿಯೇ ಇರಲಿಲ್ಲ. ಈಗ ನೀರಿಳಿದಾಗ ಅಲ್ಲಿ ಕಾಣುವುದು ಒಂದೇ ಒಂದು ಕೈಪಂಪು. ನದಿಯ ನಡುವೆ ಕತ್ತು ಎತ್ತಿ ನಿಂತಿರುತ್ತದೆ, ಅದರ ಹಿಡಿಯ ಮೇಲೆ ಕಾಗೆ ಕೂತಿರುತ್ತದೆ.

ಈ ವರ್ಷ ಫಾಲ್ಗುಣದಲ್ಲಿ ಮೂವರು ಬಂದರು. ಅವರಲ್ಲಿ ಕಲ್ಕತ್ತೆಯ ಎಂಜಿನಿಯರ್ ಅನಿಮೇಷ ಬಾಬು ಅವಳನ್ನು ‘ಮಾಸಿ’, ಚಿಕ್ಕಮ್ಮಾ, ಎಂದು ಬಾಯ್ತುಂಬ ಕರೆಯುತ್ತಿದ್ದ, ಒಳ್ಳೆಯ ಹುಡುಗ. ಮೂರನೆಯ ದಿನ ಊಟದ ಮೇಜಿನ ಮೇಲೆ ನಕ್ಷೆ ಹರಡಿದರು. ಅವನ ಬೆರಳು ಕಾಡುದೇವಿ ಬನಬೀಬಿಯ ಗುಡಿಯಿಂದ ಹೊರಟು ಹಳೆಯ ತೂಬಿನವರೆಗೆ ಹೋಯಿತು. ಅಂಗೈ ಹಿಂದಕ್ಕೆ ಸರಿಯಿತು. “ರಿಟ್ರೀಟ್,” ಎಂದ. ಉಳಿದಿಬ್ಬರು ತಲೆಯಾಡಿಸಿದರು.

ಚಾರುಬಾಲಾಳ ಕೈ ಮಾತ್ರ ಬಡಿಸುತ್ತಲೇ ಇತ್ತು. ಸಾಕು ಸಾಕು ಎನ್ನುತ್ತಿದ್ದವನ ತಟ್ಟೆಗೆ ಮೂರನೆಯ ಸಲ ಅನ್ನ ಹಾಕಿದಳು.

ಗುಡಿಯಿಂದ ತೂಬಿನವರೆಗೆ ಎಂದರೆ ಪೂರ್ವದ ಕೇರಿ. ನಲವತ್ತು ಮನೆ. ಗೆರೆ ಹಾಯುವುದು ಸರಿಯಾಗಿ ಅವರ ಮನೆತನದ ಕೊಳದ ಮೇಲೆ. ಅಣ್ಣತಮ್ಮಂದಿರು ಪಾಲಾದಾಗ ಕೊಳದ ಈಚೆ ದಡ ಚಾರುಬಾಲಾಳ ಗಂಡ ನಿರಾಪದನಿಗೆ ಬಂದಿತ್ತು. ಆಚೆ ದಡ, ಕಾಯಿ ಬಿಡುವ ಎರಡು ತೆಂಗಿನ ಮರದ ಸಮೇತ, ಮಿನೋತಿಯ ಗಂಡನಿಗೆ ಹೋಗಿತ್ತು. ಅವನೀಗ ಕೇರಳದಲ್ಲಿ ಗಾರೆ ಕೆಲಸಕ್ಕಿದ್ದ. ಅವನು ಕಳಿಸಿದ ದುಡ್ಡಿನಲ್ಲಿ ಮಿನೋತಿ ಇಟ್ಟಿಗೆ ತರಿಸಿ ಅಂಗಳದಲ್ಲಿ ಒಟ್ಟಿದ್ದಳು, ಬೈಶಾಖದಲ್ಲಿ ಪಕ್ಕಾ ಮನೆ ಏಳಿಸುವುದಕ್ಕೆ. ಅವಳ ಹಿತ್ತಿಲಿಗೆ ತಾಗಿಕೊಂಡೇ ಹಳೆಯ ಏರಿ, ಏರಿಯ ಆಚೆಗೆ ಮಾತಲಾ. ಆ ಮನೆಯಲ್ಲಿ ಅವಳು, ಅವಳ ಎರಡು ಹೆಣ್ಣುಮಕ್ಕಳು.

ನಿರಾಪದ ಬಲೆ ಹೆಣೆಯುತ್ತಾ ಕುಳಿತಿದ್ದ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ದಾರ ಕಡಿದ.

“ಹನ್ನೊಂದು ವರ್ಷ ಏಡಿ ಬೇಯಿಸಿ ಈಗ ಬ್ಯಾರಿಸ್ಟರ್ ಆದ್ಯೇನೇ?”

“ಖೇಜುರತಲಾಗೂ ಇದೇ ಮಾತೇ ಅಂದಿದ್ದು ಕಣ್ರೀ. ಕೈಯೂ ಹಿಂಗೇ ಮಾಡಿದ್ರು.”

“ನಿಜ ಅಂತಾನೇ ಇಟ್ಕೋ. ನಿನ್ನ ಬಾಯಿಂದ ಬಂತು ಅಂತ ಗೊತ್ತಾದ್ರೆ ನಾಳೆಯಿಂದ ಆ ಒಲೆ ಇನ್ನೊಬ್ಬಳದು. ಇನ್ನು ಮಿನೋತಿಗೆ ಹೇಳ್ತೀಯಾ? ತೆಂಗಿನ ಮರಕ್ಕೆ ಬಾಯಿ ಬಿಡ್ತಿದ್ದಾಳೆ ಅಂತಾಳೆ, ನೋಡ್ತಿರು.”

ಅದು ಚಾರುಬಾಲಾಳಿಗೂ ಗೊತ್ತಿತ್ತು. ಆದರೂ ಕೊಳ ಬಳಸಿಕೊಂಡು ಹೋದಳು. ಮಿನೋತಿ ಈಳಿಗೆಮಣೆಯ ಮೇಲೆ ಕುಳಿತು ಬಸಳೆ ಹೆಚ್ಚುತ್ತಿದ್ದವಳು ಪೂರ್ತಿ ಕೇಳುವ ಮೊದಲೇ ನಕ್ಕಳು. ಪೂರ್ತಿ ಕೇಳಿದ ಮೇಲೆ ನಗಲಿಲ್ಲ.

“ಗೆರೆ ಕೊಳದ ಮೇಲೆ ಬಂತಾ? ನಿನ್ನ ಮನೆ ಒಳಗೆ, ನನ್ನ ಮನೆ ಹೊರಗೆ. ನದೀನೂ ನಿನ್ನ ತವರಿನ ಕಡೇದೇನೋ!”

“ಛೋಟೋ,” ಕಿರಿಯ ಸೊಸೆಯನ್ನು ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆದಳು, “ನನ್ನ ಮಾತು ಕೇಳು. ಇಟ್ಟಿಗೆ ಈ ಕಡೆ ಹೊರಿಸು. ನಮ್ಮ ಅಂಗಳದಲ್ಲೇ ಮನೆ ಕಟ್ಕೋ.”

“ನಿನ್ನ ಅಂಗಳದಲ್ಲಿ ನಾನು ಬಾಡಿಗೆಗೆ, ನನ್ನ ತೆಂಗು ನಿನಗೆ. ಪಾಲಾದ ದಿನದಿಂದ ಆ ಮರದ ಮೇಲೇ ನಿನ್ನ ಕಣ್ಣು ದಿದಿ, ನನಗೇನು ಗೊತ್ತಿಲ್ವಾ? ಇಂಗ್ಲಿಷ್ ಬೇರೆ ಕಲ್ತಿದ್ದೀಯ ಹೆದರ್ಸೋಕೆ!”

ಮರಳಿ ಬರುವಾಗ ಚಾರುಬಾಲಾ ಏರಿಯ ಬುಡದಲ್ಲಿ ನಿಂತು ನೋಡಿದಳು. ಮಣ್ಣು ಬೆವೆತಿತ್ತು. ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು. ಕಾಲ್ಬೆರಳಿನಲ್ಲಿ ಒತ್ತಿದರೆ ಒಳಗಿನಿಂದ ನೀರು ಜಿನುಗಿತು. ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ತಾಗಿಸಿದಳು. ಉಪ್ಪು.

ಒಂದು ಆಸೆ ಇನ್ನೂ ಉಳಿದಿತ್ತು: ತನ್ನ ತಿಳಿವೇ ತಪ್ಪಾಗಿರಬಹುದು. ಬೆಳಿಗ್ಗೆ ಅನಿಮೇಷ ಬಾಬು ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದಾಗ ಹತ್ತಿರ ಹೋದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಾಲಿಗೆಯ ಮೇಲೆ ತಂದುಕೊಳ್ಳದ ಭಾಷೆಯಲ್ಲಿ ಕೇಳಿದಳು: “ಈಸ್ಟ್ ಎಂಬ್ಯಾಂಕ್‌ಮೆಂಟ್. ರಿಟ್ರೀಟ್?”

ಅವನ ಕೈಯ ಬ್ರಷ್ಷು ಬಾಯಲ್ಲೇ ನಿಂತಿತು. ಉಗುಳಿ, ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಬಂಗಾಳಿಯಲ್ಲೇ ಕೇಳಿದ: “ಮಾಸಿ, ಯಾರು ಹೇಳಿದ್ದು ನಿಮಗೆ?”

“ನೀವೇ. ನಾನು ಅನ್ನ ಹಾಕ್ತಿದ್ದೆ.”

ಅವನು ಬ್ರಷ್ಷು ತೊಳೆಯತೊಡಗಿದ. ಅಲ್ಲ ಎಂದುಬಿಡಲಿ ಎಂದು ಅವಳು ಬನಬೀಬಿಗೆ ಹರಕೆ ಹೊತ್ತಳು.

“ಇನ್ನೂ ಕಾಗದ ಹೊರಬಿದ್ದಿಲ್ಲ. ಮೇಲಿನವರು ಒಪ್ಪಬೇಕು. ಸುಮ್ನೆ ಜನರಿಗೆ ಗಾಬರಿ ಮಾಡ್ಬೇಡಿ.”

“ಹಳೇ ಏರಿಗೆ ಈ ವರ್ಷ ಮಣ್ಣು ಹಾಕ್ತೀರಾ, ಇಲ್ವಾ? ಅಷ್ಟು ಹೇಳಿ ಬಾಬು.”

“ಬಿಡೋ ಏರಿಗೆ ಮಣ್ಣು ಯಾರು ಹಾಕ್ತಾರೆ ಮಾಸಿ?” ಅಂದವನು ಬಾಯಿ ಜಾರಿತೆಂದು ತಿಳಿದು ತುಟಿ ಕಚ್ಚಿಕೊಂಡ. ಮಧ್ಯಾಹ್ನ ಲಾಂಚು ಹತ್ತುವ ಮುಂಚೆ ಅವಳ ಭುಜ ಮುಟ್ಟಿ ನಕ್ಕ. “ನೀವೆಲ್ಲ ತುಂಬಾ ರೆಸಿಲಿಯೆಂಟ್ ಮಾಸಿ.”

ಹೊರಡುವ ಹೊತ್ತಿನ ಮಾತು ಅದು.

ಚೈತ್ರದ ಹುಣ್ಣಿಮೆಗೆ ಹದಿನೆಂಟು ದಿನವಿತ್ತು. ಅಮಾವಾಸ್ಯೆಯ ಉಬ್ಬರ ಏರಿಯ ನೆತ್ತಿಗೆ ಒಂದು ಮೊಳ ಕೆಳಗೆ ನಿಂತು ಹಿಂದಕ್ಕೆ ಹೋಯಿತು. ಹುಣ್ಣಿಮೆಯದು ದೊಡ್ಡದು. ಐಲಾ ಬಂದದ್ದೂ ಹೀಗೆ, ಹಾಡುಹಗಲಿನಲ್ಲಿ, ನೀರು ತುಂಬುವ ಹೊತ್ತಿಗೆ. ಅಂದು ಚಾರುಬಾಲಾ ಅತ್ತೆಯನ್ನು ಹುಲ್ಲು ಮಾಡಿನ ಮೇಲೆ ಎಳೆದು ಕೂರಿಸಿದ್ದಳು. ಮಾಡಿನ ಸಮೇತ ಮುದುಕಿ ತೇಲಿಹೋಗಿದ್ದಳು, ಸೊಸೆಯ ಕೈಯಲ್ಲಿ ಸೆರಗಿನ ತುಂಡು ಉಳಿದಿತ್ತು. ಅಂದಿನಿಂದ ಉಬ್ಬರದ ಹೊತ್ತಿಗೆ ಅವಳು ಏರಿಯ ಹತ್ತಿರ ಸುಳಿದವಳಲ್ಲ. ಇಡೀ ಕೇರಿಗೆ ಗೊತ್ತಿದ್ದ ಸಂಗತಿ.

ಹುಣ್ಣಿಮೆಯ ಬೆಳಿಗ್ಗೆ ಅವಳು ಒಂದು ಚಾಪೆ, ಪಾತ್ರೆಯಲ್ಲಿ ನೀರನ್ನ, ಎರಡು ಹಸಿಮೆಣಸಿನಕಾಯಿ ತೆಗೆದುಕೊಂಡು ಕೊಳ ಬಳಸಿ ಹೋಗಿ, ಮಿನೋತಿಯ ಹಿತ್ತಿಲಲ್ಲಿ, ಏರಿಯ ಬುಡದಲ್ಲೇ ಚಾಪೆ ಹಾಸಿ ಕುಳಿತಳು.

“ಇದೇನು ದಿದಿ, ವನಭೋಜನವಾ?” ಎಂದಳು ಮಿನೋತಿ.

“ಇನ್ಮೇಲೆ ಉಬ್ಬರದ ಹೊತ್ತು ಇಲ್ಲೇ ಇರ್ತೀನಿ. ನೀನು ಈ ಮನೆ ಬಿಡೋವರೆಗೂ.”

“ತೆಂಗಿನಕಾಯಿ ಬೀಳೋದನ್ನ ಕಾಯ್ತೀಯೇನೋ!”

“ಬಿದ್ರೆ ನೀನೇ ಆರಿಸ್ಕೋ ತಾಯಿ.”

ಮಿನೋತಿ ಗೊಣಗುತ್ತಾ ಒಳಗೆ ಹೋದಳು. ಹತ್ತು ಗಂಟೆಗೆ ಏರಿಯಾಚೆ ಸದ್ದು ಬದಲಾಯಿತು. ಅಲೆಯ ಸದ್ದಲ್ಲ ಅದು, ದನ ಗೋಡೆಗೆ ಮೈ ಉಜ್ಜಿದಂತಹ ಸದ್ದು. ಹನ್ನೊಂದಕ್ಕೆ ಬುಡದ ಬೆವರು ಸೇರಿ ಸೇರಿ ದಾರದಂತೆ ಹರಿಯತೊಡಗಿತು. ಚಾರುಬಾಲಾ ಕಣ್ಣುಮುಚ್ಚಿದರೆ ಸೆರಗಿನ ತುಂಡು ಕಾಣುತ್ತಿತ್ತು, ತೆರೆದರೆ ಏರಿ. ಎದ್ದು ಓಡಬೇಕೆಂದು ಕಾಲು ಎಳೆಯುತ್ತಿತ್ತು. ಎರಡು ಕೈಯಲ್ಲೂ ಚಾಪೆಯ ಅಂಚನ್ನು ಹಿಡಿದುಕೊಂಡಳು.

ಮಿನೋತಿ ಎರಡು ಸಲ ಬಾಗಿಲಿಗೆ ಬಂದು ನೋಡಿದಳು. ಮೂರನೆಯ ಸಲ ಹತ್ತಿರ ಬಂದಳು.

“ನಡುಗ್ತಿದ್ದೀಯಲ್ಲ ದಿದಿ. ಮನೆಗೆ ಹೋಗು.”

“ನೀನೂ ಮಕ್ಕಳೂ ಮುಂದೆ ನಡೀರಿ, ಹಿಂದೆ ಬರ್ತೀನಿ.”

“ಹಠಮಾರಿ ಹೆಂಗಸು!” ಎನ್ನುವಷ್ಟರಲ್ಲಿ ಚಾಪೆಯಿಂದ ಒಂದು ಮಾರು ದೂರದಲ್ಲಿ ಏಡಿ ತೋಡಿದ ಬಿಲವೊಂದರಿಂದ ನೀರು ಬುಳಕ್ಕನೆ ಹೊರಬಂದಿತು. ಮೊದಲು ತಿಳಿನೀರು, ಆಮೇಲೆ ಕೆಸರು. ಕೆಸರು ಬಂದರೆ ಏರಿ ಒಳಗೇ ಕರಗುತ್ತಿದೆ ಎಂದು ಅರ್ಥ. ಚಾರುಬಾಲಾ ಹಸುಗೂಸಿನ ಬಾಯಿಗೆ ಕೈ ಇಡುವಂತೆ ಅದಕ್ಕೆ ಅಂಗೈ ಒತ್ತಿದಳು. ನೀರು ಬೆರಳ ಸಂದಿಯಲ್ಲಿ ಚಿಮ್ಮಿತು. ಮಿನೋತಿ ಕೂಗಿಕೊಂಡು ಓಡಿ ಗೋಣಿಚೀಲ ತಂದಳು, ಜೇಡಿಮಣ್ಣು ತಂದಳು. ಇಬ್ಬರೂ ಮಂಡಿಯೂರಿ ಒತ್ತಿದರು, ತುಳಿದರು, ಮತ್ತೆ ಒತ್ತಿದರು. ಚಾರುಬಾಲಾಳ ಹಲ್ಲು ಕಟಕಟ ಎನ್ನುವುದು ಮಿನೋತಿಗೆ ಕೇಳುತ್ತಿತ್ತು. ಆದರೂ ಅವಳು ಏಳಲಿಲ್ಲ.

ಒಂದು ಗಂಟೆಯ ಹೊತ್ತಿಗೆ ನದಿ ಉಸಿರು ಬಿಟ್ಟು ಇಳಿಯತೊಡಗಿತು. ಬಿಲ ಬಾಯಿ ಮುಚ್ಚಿಕೊಂಡಿತು. ಇಬ್ಬರೂ ಕೆಸರಿನಲ್ಲೇ ಕುಳಿತಿದ್ದರು.

“ನಾಳೆ ಇದಕ್ಕೆ ಮಣ್ಣು ಹಾಕೋಕೆ ಬರ್ತಾರಲ್ವಾ?” ಎಂದು ಮಿನೋತಿ ಕೇಳಿದಳು, ಉತ್ತರ ಗೊತ್ತಿದ್ದವಳ ದನಿಯಲ್ಲಿ.

ಚಾರುಬಾಲಾ ಕೆಸರಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದಳು. ಅಂಗೈಯಿಂದ ಒರೆಸಿದಳು. ಒಳಗಡೆಗೆ ಇನ್ನೊಂದು ಎಳೆದಳು. ಮಿನೋತಿ ಬಗ್ಗಿ ನೋಡಿದಳು. ಒರೆಸಿದ ಜಾಗದಲ್ಲಿ ತನ್ನ ಒಲೆ ಎಲ್ಲಿ, ತುಳಸಿ ಎಲ್ಲಿ, ಮಕ್ಕಳು ಮಲಗುವುದು ಎಲ್ಲಿ ಎಂದು ಅವಳ ಕಣ್ಣು ಒಂದೊಂದಾಗಿ ಹುಡುಕಿತು.

“ತೆಂಗಿನ ಮರ ನಂದೇ,” ಎಂದಳು ಕೊನೆಗೆ. “ನೀರಲ್ಲಿ ನಿಂತ್ರೂ ನಂದೇ.”

“ನಿಂದೇ ಕಣೇ.”

ಮಿನೋತಿ ಎದ್ದು ಕೈ ತೊಳೆದು, ಅಂಗಳದ ತುಳಸಿಯನ್ನು ಬುಡದ ಮಣ್ಣು ಉದುರದಂತೆ ಕಿತ್ತು ಮಡಿಲಿಗೆ ಹಾಕಿಕೊಂಡಳು. ಆಮೇಲೆ ಇಬ್ಬರೂ ಇಟ್ಟಿಗೆ ಹೊತ್ತರು. ಹೆಣ್ಣುಮಕ್ಕಳು ಬಾತುಕೋಳಿಗಳನ್ನು ಅಟ್ಟಿಕೊಂಡು ಬಂದರು. ನಿರಾಪದ ಏನನ್ನೂ ಕೇಳದೆ ಅಂಗಳದ ಬಲೆ ಸುತ್ತಿಟ್ಟು ಜಾಗ ಮಾಡಿಕೊಟ್ಟ.

ಮೂರನೆಯ ಹೊರೆ ಇಳಿಸಿ ಮಿನೋತಿ ತಟ್ಟನೆ ನಿಂತಳು. “ಉಳಿದವರಿಗೆ ಹೇಳಿದ್ಯಾ?”

ಚಾರುಬಾಲಾ ತಲೆ ತಗ್ಗಿಸಿದಳು. ನಲವತ್ತರಲ್ಲಿ ಒಂದು ಮನೆ ಈಚೆ ಬಂದಿತ್ತು. ಅವಳ ಕಣ್ಣ ಮುಂದೆ ತಗಡಿನ ಮನೆಯ ಒಲೆ ಬಂತು, ಬೀಗ ಬಂತು, ಆ ಬೀಗದ ಕೈ ಇನ್ನೊಬ್ಬಳ ಸೊಂಟದಲ್ಲಿ ತೂಗಿದ್ದೂ ಬಂತು.

“ಅವರ ಎದುರಿಗೆ ನನಗೆ ಮಾತು ಬರಲ್ಲ ಛೋಟೋ. ನಗ್ತಾರೆ.”

“ನಗ್ಲಿ. ನಾನೂ ನಕ್ಕಿದ್ದೆ.” ಮಿನೋತಿ ಸೆರಗು ಸಿಕ್ಕಿಸಿದಳು. “ಕಿವಿ ನಿಂದು, ಬಾಯಿ ನಂದು. ಆ ಗೆರೆ ಎಳೆಯೋದು ಮಾತ್ರ ಮರೀಬೇಡ. ನಡಿ.”

ಮತ್ತೆ ನೀರು ತುಂಬುವುದಕ್ಕೆ ಇನ್ನು ಹತ್ತು ಗಂಟೆಯೂ ಇರಲಿಲ್ಲ. ಮೊದಲ ಮನೆಯ ಅಂಗಳ ಹೊಕ್ಕಾಗ ಮನೆಯೊಡತಿ ಮಂಡಕ್ಕಿ ಹುರಿಯುತ್ತಿದ್ದಳು. ಮಿನೋತಿ ಬಾಯಿ ತೆರೆಯುವ ಮೊದಲೇ ಚಾರುಬಾಲಾ ಮಂಡಿಯೂರಿ, ಬೆರಳನ್ನು ನೆಲಕ್ಕೆ ಇಟ್ಟಳು.