ಚೇರ್ಮನ್ ಮಾವ ಮಾಯವಾದದ್ದು

ದೊಡ್ಡ ರಾಜಕಾರಣಿಗಳು ಮಾಯವಾದರೆ ದೆಹಲಿಯಲ್ಲಿ ಆಯೋಗ ಕೂರುತ್ತದೆ. ಆಯೋಗ ವರದಿ ಕೊಡುತ್ತದೆ, ವರದಿಯನ್ನು ನಂಬದವರು ಪುಸ್ತಕ ಬರೆಯುತ್ತಾರೆ. ನಮ್ಮ ಮಾವ ಮಾಯವಾದಾಗ ಕೂತದ್ದು ನಾಲ್ಕು ಮಂದಿ ಹಿರಿಯರು, ಅದೂ ನಮ್ಮದೇ ಜಗಲಿಯಲ್ಲಿ. ವರದಿ ಬರಲಿಲ್ಲ, ಎಲೆಯಡಿಕೆ ಮಾತ್ರ ಮುಗಿಯಿತು.

ಮಾವ ಎಂದರೆ ನನ್ನ ತಾಯಿಯ ಅಣ್ಣ. ನೇತ್ರಾವತಿಯ ದಡದಲ್ಲಿ, ಪಾಣೆಮಂಗಳೂರಿಗಿಂತ ಸ್ವಲ್ಪ ಮೇಲಕ್ಕೆ ನಮ್ಮ ಗ್ರಾಮ. ಅದರ ಪಂಚಾಯತಿಗೆ ಅವರು ಚೇರ್ಮನ್. ಅರವತ್ತರ ದಶಕ ಆಗಷ್ಟೇ ಸುರುವಾಗಿತ್ತು. ಮಾವ ಮಾಡಿದ ಕೆಲಸ ಕಡಿಮೆ, ಮಾಡಿದ ಭಾಷಣ ಹೆಚ್ಚು. ತೋಡಿನ ನೀರು ದಾಟಲು ಒಂದು ಕಾಲುಸಂಕ ಹಾಕಿಸುತ್ತೇನೆಂದು ಅವರು ಎಷ್ಟು ಚಂದದ ಕನ್ನಡದಲ್ಲಿ ಹೇಳುತ್ತಿದ್ದರೆಂದರೆ, ಕೇಳಿದವರಿಗೆ ಸಂಕ ದಾಟಿ ಬಂದಷ್ಟೇ ತೃಪ್ತಿಯಾಗುತ್ತಿತ್ತು. ಆಮೇಲೆ ಕೇಳಿದ ಜನ ಸೊಂಟದ ತನಕ ನೀರಿನಲ್ಲಿ ತೋಡು ದಾಟಿ ಮನೆಗೆ ಹೋಗುತ್ತಿದ್ದರು.

ಹೀಗೆ ದಾಟಿ ದಾಟಿ ಬೇಸತ್ತವರನ್ನೆಲ್ಲ ಸೇರಿಸಿ ವೈಸ್ ಚೇರ್ಮನ್ನರು ಮಾವನ ಮೇಲೆ ಅವಿಶ್ವಾಸ ಗೊತ್ತುವಳಿ ತಂದರು. ಮೀಟಿಂಗಿಗೆ ಮೂರು ವಾರ ಇರುವಾಗ ಒಂದು ಬೆಳಿಗ್ಗೆ ಮಾವ ಮನೆಯಿಂದ ಹೊರಟರು, ಮತ್ತೆ ಬರಲಿಲ್ಲ. ಮರುದಿನ ಹೊಳೆಬದಿಯಲ್ಲಿ ದೋಣಿ ಹತ್ತುವ ಕಡವಿನಲ್ಲಿ ಅವರ ಕೊಡೆ ಮತ್ತು ಮೆಟ್ಟು ಸಿಕ್ಕಿದವು. ಮೆಟ್ಟುಗಳ ಮುಖ ನೀರಿನ ಕಡೆಗಿತ್ತು.

ದೋಣಿಯವನನ್ನು ಕೇಳಿದೆವು. ಅವನು ಹೇಳಿದ್ದು ಇಷ್ಟು: “ಆಚೆ ದಡಕ್ಕೆ ಬಿಟ್ಟೆ. ಇಳಿಯುವಾಗ ‘ಹೋಗ್ತೇನೆ’ ಹೇಳಿದ್ರು.”

“ಹೋಗಿ ಬರ್ತೇನೆ ಅಂತಲಾ?” ಹಿರಿಯರೊಬ್ಬರು ಕೇಳಿದರು.

“ಇಲ್ಲ ಮಾರಾಯ್ರೆ. ಬರೀ ಹೋಗ್ತೇನೆ. ಬಾಯಿ ಸಹ ಸರಿ ತೆರೆಯಲಿಲ್ಲ.”

ನಮ್ಮಲ್ಲಿ ಮೂತ್ರಕ್ಕೆ ಎದ್ದು ಹೋಗುವವನೂ ‘ಬರ್ತೇನೆ’ ಎಂದೇ ಹೋಗುವುದು. ಬರೀ ‘ಹೋಗ್ತೇನೆ’ ಎಂದದ್ದು ಕೇಳಿ ಜಗಲಿಯಲ್ಲಿ ಕೂತವರೆಲ್ಲ ತಲೆ ತಗ್ಗಿಸಿದರು. ಹದಿನಾರು ದಿನ ನೋಡುವುದು, ಆಮೇಲೆ ಬೊಜ್ಜ ಮಾಡುವುದು ಎಂದು ನಿಶ್ಚಯಿಸಿದರು. ಬೊಜ್ಜ ಎಂದರೆ ನಮ್ಮ ತುಳುವರ ಉತ್ತರಕ್ರಿಯೆ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಮ್ಮದು ಅಳಿಯಕಟ್ಟಿನ ಮನೆ. ಯಜಮಾನ ಹೋದರೆ ಮನೆ ಅಳಿಯನಿಗೆ, ಅಂದರೆ ನನಗೆ. ಯಜಮಾನನ ಹೆಂಡತಿ ಕರಿಮಣಿ ತೆಗೆದು ತನ್ನ ತವರಿಗೆ ಹೋಗಬೇಕು. ಮಾವನ ಹೆಂಡತಿ, ನಮ್ಮ ಮಾಮಿ, ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಒಲೆ ಅವರದ್ದು, ಬಾವಿಯ ಹಗ್ಗ ಅವರದ್ದು, ಹಟ್ಟಿಯ ದನಗಳು ತಿರುಗಿ ನೋಡುತ್ತಿದ್ದದ್ದು ಅವರ ಧ್ವನಿಗೆ. ತವರಿನಲ್ಲಿ ಈಗ ಇದ್ದದ್ದು ತಮ್ಮನ ಸಂಸಾರ. ನಾನು “ಮಾಮಿ, ನೀವು ಎಲ್ಲಿಗೂ ಹೋಗುವುದು ಬೇಡ” ಎಂದೆ. ಅವರು ಅಕ್ಕಿ ಆರಿಸುತ್ತಾ, ತಲೆ ಎತ್ತದೆ, “ಕಟ್ಟು ನೀನು ಮಾಡಿದ್ದಾ, ಮುರಿಯುವುದಕ್ಕೆ? ಮೊದಲು ಅವರನ್ನು ಹುಡುಕು” ಎಂದರು.

ಅಲ್ಲದೆ, ಮಾವ ಕಾಣದಾದರೆ ಲಾಭ ಯಾರಿಗೆ ಎಂದು ಊರು ಲೆಕ್ಕ ಹಾಕಿದರೆ ಬೆರಳು ತೋರುವುದು ನನ್ನ ಕಡೆಗೇ. ಹಾಗಾಗಿ ಉಳಿದವರಿಗಿಂತ ದೊಡ್ಡ ಸ್ವರದಲ್ಲಿ ಹುಡುಕುವುದು ನನಗೆ ಅನಿವಾರ್ಯವಾಯಿತು. ಬಂಟ್ವಾಳ ಪೇಟೆಯ ಪ್ರೆಸ್ಸಿಗೆ ಹೋಗಿ ಕರಪತ್ರ ಹಾಕಿಸುವ ಎಂದು ಹೊರಟೆ.

ಆಗ ನಾನು ಹೊಸ ಶಾಲಾ ಮಾಸ್ತರ. ಕನ್ನಡ ಕಲಿತದ್ದು ಅಜ್ಜನ ಬಾಯಿಯಿಂದ. ಯಾವ ಶಬ್ದ ಎಲ್ಲಿ ಕೂರಬೇಕೆಂದು ನನಗೆ ಗೊತ್ತುಂಟು ಎಂಬ ಒಂದು ಗರ್ವ ಇತ್ತು. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವರು ವಯಸ್ಸಾದ ಕೊಂಕಣಿ ಮಾತಾಡುವ ಮನುಷ್ಯ. ನನ್ನ ಚೀಟಿ ನೋಡಿ ಕೇಳಿದರು:

“ಮಾಸ್ಟ್ರೇ, ‘ಮಾಯವಾಗಿದ್ದಾರೆ’ ಅಂತ ಬರೆದಿದ್ದೀರಿ. ‘ಕಾಣೆಯಾಗಿದ್ದಾರೆ’ ಅಂತ ಹಾಕುವುದು ಪದ್ಧತಿ.”

“ಅದು ಬೇಡ.”

“ಯಾಕೆ?”

“ಕೊಡೆ ಸಿಕ್ಕಿದ್ದು ಹೊಳೆಬದಿಯಲ್ಲಿ. ಚೇರ್ಮನ್ರು ಕಾಣೆಯಾಗಿದ್ದಾರೆ ಅಂತ ಹಾಕಿದರೆ ಪೇಟೆಯವರು ಎಂತ ಹೇಳ್ತಾರೆ?”

ಅವರು ಒಂದು ಕ್ಷಣ ಯೋಚಿಸಿದರು. ಕಾಣೆ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಮೀನು. ಹುರಿದರೆ ಅದರಷ್ಟು ರುಚಿ ಬೇರೆ ಇಲ್ಲ. ಅವರು ನಗತೊಡಗಿದರು. “ಹೌದು ಹೌದು. ಎಷ್ಟು ಸೇರು ಅಂತ ಕೇಳಿಯಾರು. ಮಾಯವೇ ಇರಲಿ” ಎಂದು ಮೊಳೆ ಜೋಡಿಸಿದರು.

ಮೀನಿನಿಂದ ತಪ್ಪಿಸಿಕೊಂಡೆ ಎಂಬ ಖುಷಿಯಲ್ಲಿ ಕರಪತ್ರದ ಕಟ್ಟುಗಳನ್ನು ಬಸ್ ಕಂಡಕ್ಟರುಗಳ ಕೈಗೆ ಕೊಟ್ಟೆ. ಬೆಳ್ತಂಗಡಿ, ಅಳದಂಗಡಿ, ಮೂಡಬಿದ್ರೆ ಎಲ್ಲ ಕಡೆಗೂ ಹೋದವು. “ನಮ್ಮ ಗ್ರಾಮ ಪಂಚಾಯತಿನ ಚೇರ್ಮನ್ನರು ನದೀತೀರದಲ್ಲಿ ಮಾಯವಾಗಿದ್ದಾರೆ. ಕಂಡವರು ತಿಳಿಸಬೇಕಾಗಿ ವಿನಂತಿ.”

ನಾನು ಬರೆದದ್ದು ಕನ್ನಡ, ಊರು ಓದಿದ್ದು ತುಳು. ತುಳುವಿನಲ್ಲಿ ಮನುಷ್ಯ ಸುಮ್ಮನೆ ಮಾಯವಾಗುವುದಿಲ್ಲ. ಪಾಡ್ದನಗಳಲ್ಲಿ, ಅಂದರೆ ನಮ್ಮ ದೈವಗಳ ಹಾಡುಕಥೆಗಳಲ್ಲಿ, ಮಾಯವಾಗುವುದು ವೀರರು; ಜೋಗ ಎಂಬ ಮನುಷ್ಯರೂಪ ಬಿಟ್ಟು ಮಾಯ ಸೇರಿದವರು ದೈವವಾಗಿ ಎದ್ದು ಬರುತ್ತಾರೆ, ಜಾಗ ಕೇಳುತ್ತಾರೆ, ಕೋಲದ ಸೇವೆ ಕೇಳುತ್ತಾರೆ. ನನ್ನ ಕರಪತ್ರದಲ್ಲಿ ‘ಕಂಡವರು ತಿಳಿಸಬೇಕು’ ಎಂದು ಬೇರೆ ಇತ್ತು. ಜನ ಮಾವನನ್ನು ಕಾಣಲಾರಂಭಿಸಿದರು.

ಕರಪತ್ರ ಹಂಚಿದ ಮೂರನೆಯ ದಿನ ಕಡವಿನಲ್ಲಿ, ಕೊಡೆ ಸಿಕ್ಕಿದ ಜಾಗದಲ್ಲಿ, ಒಂದು ತೆಂಗಿನಕಾಯಿ ಇತ್ತು. ನಾಲ್ಕನೆಯ ದಿನ ಐದು ವೀಳ್ಯದೆಲೆ, ಒಂದು ಅಡಿಕೆ. ವಾರ ಕಳೆಯುವಷ್ಟರಲ್ಲಿ ಅಳದಂಗಡಿ ಕಡೆಯಿಂದ ಒಬ್ಬ ಹೆಂಗಸು ಬಸ್ಸು ಹತ್ತಿ ಬಂದರು. ಅವರ ದನ ತಪ್ಪಿಸಿಕೊಂಡಿತ್ತಂತೆ. ‘ಹೊಸತಾಗಿ ಮಾಯವಾದವರೇ, ನೀವು ಹುಡುಕಿಕೊಡಿ’ ಎಂದು ಹರಕೆ ಹೇಳಿಕೊಂಡದ್ದೇ ತಡ, ಸಂಜೆಗೆ ದನ ಹಟ್ಟಿಯಲ್ಲಿತ್ತಂತೆ. ಮಾಮಿ ಅವರಿಗೆ ಬೆಲ್ಲ, ನೀರು ಕೊಟ್ಟು ಕೂರಿಸಿ ಎಲ್ಲ ಕೇಳಿದರು. ಕೊನೆಗೆ, “ಹುಡುಕಿಕೊಟ್ಟರಾ? ಇವರು? ಇಲ್ಲಿ ತಾವೇ ಬಿಚ್ಚಿಟ್ಟ ಕನ್ನಡಕವನ್ನು ಒಂದು ದಿನವೂ ಹುಡುಕಿದವರಲ್ಲ ಮಾರಾಯ್ತಿ” ಎಂದರು.

ದೊಡ್ಡ ಪೆಟ್ಟು ಬಿದ್ದದ್ದು ವೈಸ್ ಚೇರ್ಮನ್ನರಿಗೆ. ಅವರ ಹೆಂಡತಿ ಊಟ ಬಡಿಸುವುದನ್ನೇ ನಿಲ್ಲಿಸಿದ್ದರಂತೆ. ಒಂದು ಸಂಜೆ ಬಂದು ಜಗಲಿಯ ಕೆಳಗೇ ನಿಂತು, ಟೋಪಿ ತೆಗೆದು, ನನ್ನೊಡನೆ ಮೆಲ್ಲಗೆ ಹೇಳಿದರು: “ಮಾಸ್ಟ್ರೇ, ನಾನು ಗೊತ್ತುವಳಿ ಹಿಂದೆ ತಗೊಳ್ತೇನೆ. ಮನುಷ್ಯರ ಮೇಲೆ ಅವಿಶ್ವಾಸ ಹಾಕಬಹುದು. ದೈವದ ಮೇಲೆ ಅವಿಶ್ವಾಸ ಹಾಕುವುದುಂಟಾ?”

ಜಗಲಿಯ ಹಿರಿಯರಿಗೆ ಈಗ ಹೊಸ ತಲೆಬಿಸಿ. ಹದಿನಾರನೆಯ ದಿನ ಹತ್ತಿರ ಬಂದಿತ್ತು.

“ಮಾಯವಾದವರಿಗೆ ಬೊಜ್ಜ ಇಲ್ಲ. ಕಟ್ಟೆ ಕಟ್ಟಿಸಿ ಕೋಲ ಕೊಡುವುದು,” ಎಂದರು ಒಬ್ಬರು.

“ಕೋಲದಲ್ಲಿ ದೈವ ನುಡಿ ಕೊಡಬೇಕಲ್ಲ. ಇವರು ನುಡಿ ಸುರು ಮಾಡಿದರೆ ನಿಲ್ಲಿಸುವುದು ಯಾರು? ಬೆಳಗಾದೀತು,” ಎಂದರು ಇನ್ನೊಬ್ಬರು.

ಮಾಮಿ ಬಾಗಿಲ ಮರೆಯಿಂದ ಕೇಳಿದರು: “ಬೊಜ್ಜವಾದರೆ ನಾನು ತವರಿಗೆ. ಕೋಲವಾದರೆ?”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. “ಆಗಲೂ ತವರಿಗೇ, ತಂಗಿ.”

“ಹಾಗಾದರೆ ಎರಡೂ ಬೇಡ,” ಎಂದು ಮಾಮಿ ಒಳಗೆ ಹೋದರು. ಅವತ್ತು ಅವರು ಬಾವಿಯಿಂದ ನೀರು ಸೇದಿದ್ದು ಎಂದಿಗಿಂತ ಹೆಚ್ಚು. ಎಲ್ಲ ಹಂಡೆ ತುಂಬಿದ ಮೇಲೂ ಸೇದುತ್ತಲೇ ಇದ್ದರು.

ಹದಿನಾಲ್ಕನೆಯ ದಿನ ಮೂಡಬಿದ್ರೆ ಬಸ್ಸಿನ ಕಂಡಕ್ಟರ್ ಶಾಲೆಯ ಎದುರು ಬಸ್ಸು ನಿಲ್ಲಿಸಿ ಕೂಗಿದ: “ಮಾಸ್ಟ್ರೇ! ನಿಮ್ಮ ದೈವ ಶಿರ್ತಾಡಿಯಲ್ಲಿ ಗಂಜಿ ಕುಡಿಯುತ್ತಾ ಉಂಟು!”

ಹೋಗುವ ಎಂದು ನಾನು ಹೇಳುವ ಮೊದಲೇ ಮಾಮಿ ಸೀರೆ ಬದಲಿಸಿ ನಿಂತಿದ್ದರು. ಮೂಡಬಿದ್ರೆಯಲ್ಲಿ ಬಸ್ಸು ಬದಲಿಸುವಾಗ “ಗಂಜಿ ಅಂತ ಹೇಳಿದ್ದು ಅಲ್ವಾ? ದೈವಗಳು ಗಂಜಿ ಕುಡಿಯುವುದಿಲ್ಲ ಅಲ್ವಾ?” ಎಂದು ಎರಡು ಸಲ ಕೇಳಿದರು.

ಶಿರ್ತಾಡಿಯಲ್ಲಿ ಮಾವನ ಹಳೆಯ ಗೆಳೆಯರೊಬ್ಬರ ಮನೆ ಇತ್ತು. ಆ ಜೈನ ಯಜಮಾನರು ನಮ್ಮನ್ನು ಕಂಡದ್ದೇ, “ನಾನು ಹೇಳಿದೆ ಮಾರಾಯ್ರೆ, ಮನೆಗೊಂದು ಕಾಗದ ಹಾಕಿ ಅಂತ. ಕೇಳಬೇಕಲ್ಲ?” ಎಂದು ಕೈ ಚೆಲ್ಲಿದರು. ಒಳಗಿನ ಚಾವಡಿಯಲ್ಲಿ ಮಾವ ಹೆಗಲ ಮೇಲಿನ ಬೈರಾಸಿನಿಂದ ಬಾಯಿ ಮುಚ್ಚಿ ಕೂತಿದ್ದರು. ಮಾಮಿ ಹೋಗಿ ಬೈರಾಸು ಎಳೆದರು. ಬಾಯಿಯಲ್ಲಿ ಒಂದು ಹಲ್ಲೂ ಇರಲಿಲ್ಲ.

“ಈ ಅವಹ್ತೆಯಲ್ಲಿ ಹಭೆಗೆ ಹೇಗೆ ಬರುವುದು?” ಎಂದರು ಮಾವ. ಅಂದರೆ, ಈ ಅವಸ್ಥೆಯಲ್ಲಿ ಸಭೆಗೆ. ಇನ್ನು ಮುಂದಿನದ್ದನ್ನು ನಾನು ಹಲ್ಲು ಸೇರಿಸಿಯೇ ಬರೆಯುತ್ತೇನೆ.

ಆದದ್ದು ಇಷ್ಟು. ಹಲ್ಲುನೋವು ತಡೆಯಲಾರದೆ ಹೊರಟವರಿಗೆ ಕಡವಿನಲ್ಲಿ ಕಳಚಿದ ಮೆಟ್ಟೂ ನೆನಪಿರಲಿಲ್ಲ, ಕೊಡೆಯೂ ನೆನಪಿರಲಿಲ್ಲ, ‘ಬರ್ತೇನೆ’ ಎನ್ನಲು ಬಾಯಿಯೂ ಏಳಲಿಲ್ಲ. ಬಂಟ್ವಾಳದಲ್ಲಿ ತೋರಿಸಿದರೆ ಊರಿಗೆ ಗೊತ್ತಾದೀತು ಎಂದು ಮೂಡಬಿದ್ರೆಗೆ ಹೋದರು. ಹಲ್ಲಿನ ಡಾಕ್ಟ್ರು ಒಂದನ್ನು ಕಿತ್ತರು, ಅದರ ನೆರೆಯವು ಅಲುಗಾಡಿದವು, ಕೊನೆಗೆ ಎಲ್ಲವನ್ನೂ ತೆಗೆಯಬೇಕಾಯಿತು. ಕಟ್ಟುಹಲ್ಲು ಆಗಿ ಬರುವ ತನಕ ಹಲ್ಲಿಲ್ಲದ ಮುಖವನ್ನು ಮತದಾರರಿಗೆ ತೋರಿಸಬಾರದೆಂದು ಗೆಳೆಯನ ಮನೆಯಲ್ಲಿ ಅಡಗಿ ಕೂತರು.

“ಹೆಂಡತಿಗೂ ಹೇಳದೆ?” ಎಂದೆ.

“ಅವಳಿಗೆ ಹೇಳಿದರೆ ನಗ್ತಿದ್ದಳು.”

ಮಾಮಿ ನಗಲಿಲ್ಲ. ಕಂಬಕ್ಕೆ ಒರಗಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡರು. ಅದನ್ನು ಕಂಡು ಮಾವನಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಮಾತು ಬದಲಿಸುವುದಕ್ಕಾಗಿ ನಾನು ಕರಪತ್ರದ ಕಥೆ ಹೇಳಿದೆ: ತೆಂಗಿನಕಾಯಿ, ದನ, ವೈಸ್ ಚೇರ್ಮನ್ನರ ಟೋಪಿ. ಅದೇ ನಾನು ಮಾಡಿದ ಎರಡನೆಯ ತಪ್ಪು. ಮಾವನ ಕಣ್ಣು ಹೊಳೆಯಿತು. ಬೆನ್ನು ನೆಟ್ಟಗಾಯಿತು.

“ಗೊತ್ತುವಳಿ ಹಿಂದೆ ತಗೊಳ್ತಾನಂತಾ? ಹಾಗಾದರೆ ನಾನು ಮೀಟಿಂಗ್ ಮುಗಿಯುವ ತನಕ ಮಾಯದಲ್ಲೇ ಇರುವುದು ಒಳ್ಳೆಯದು. ಇನ್ನೊಂದು ವಾರದ ಮಾತು. ಈಗ ಮನುಷ್ಯನಾಗಿ ಊರಿಗೆ ಹೋದರೆ ಅವನು ಆ ಕಾಗದವನ್ನು ಪುನಃ ಎತ್ತುತ್ತಾನೆ. ಕುರ್ಚಿ ಹೋಯಿತೇ ಸೈ.”

“ನಾಡಿದ್ದು ನಿಮ್ಮ ಬೊಜ್ಜ,” ಎಂದರು ಮಾಮಿ.

“ಮಾಡಲಿ. ಆಮೇಲೆ ನಾನು ಎದ್ದು ಬಂದರೆ ಎಷ್ಟು ದೊಡ್ಡ ಹೆಸರು!”

ಮಾಮಿ ಎದ್ದು ನಿಂತರು. ಇಪ್ಪತ್ತೆಂಟು ವರ್ಷ ಗಂಡನಿಗೆ ಎದುರು ಮಾತಾಡದವರು ಅಂದು ಮಾತಾಡಿದರು. ಸ್ವರ ಮಾತ್ರ ಏರಿಸಲಿಲ್ಲ.

“ನೋಡಿ. ದೈವಕ್ಕೆ ವರ್ಷಕ್ಕೊಮ್ಮೆ ಬಡಿಸುವುದು, ಗಂಡನಿಗೆ ದಿನಕ್ಕೆ ಮೂರು ಸಲ. ನಾಡಿದ್ದು ಕರಿಮಣಿ ತೆಗೆದು ತವರಿನ ಮೆಟ್ಟಿಲು ಹತ್ತಿದೆನೋ, ಆಮೇಲೆ ನೀವು ಎದ್ದು ಬನ್ನಿ, ಮುಳುಗಿ ಬನ್ನಿ, ನಾನು ತಿರುಗಿ ಆ ಒಲೆಯ ಹತ್ತಿರ ಬರುವವಳಲ್ಲ. ಎರಡರಲ್ಲಿ ಯಾವುದು ಬೇಕು ಹೇಳಿ. ಮೂಡಬಿದ್ರೆಗೆ ಬಸ್ಸು ಉಂಟು.”

ಮಾವ ಗೆಳೆಯನ ಮುಖ ನೋಡಿದರು. ಗೆಳೆಯರು ತಲೆ ಎತ್ತಿ ಹಂಚಿನ ಮಾಡು ನೋಡಿದರು. ಮಾವ ನನ್ನ ಕಡೆ ತಿರುಗಿದರು. ತಮ್ಮ ನಂತರ ಮನೆಯ ಯಜಮಾನನಾಗುವವನ ಹತ್ತಿರ ಈ ವಿಷಯದಲ್ಲಿ ಅಭಿಪ್ರಾಯ ಕೇಳುವುದು ಕ್ಷೇಮವಲ್ಲವೆಂದು ಅವರಿಗೇ ತೋರಿರಬೇಕು, ಪುನಃ ಮಾಮಿಯ ಕಡೆ ತಿರುಗಿದರು. ಕೈ ಚಾಚಿ, “ಬೈರಾಸು ಕೊಡು. ಬಸ್ಸಿನಲ್ಲಿ ಬಾಯಿ ಮುಚ್ಚಿಕೊಳ್ಳಬೇಕು,” ಎಂದರು.

ಮಾಮಿ ಕೊಡಲಿಲ್ಲ. “ಹಾಗೇ ಬನ್ನಿ. ಎಲ್ಲರೂ ನೋಡಲಿ.”

ನೋಡಿದರು. ಬಸ್ಸಿನವರು ನೋಡಿದರು, ಬಂಟ್ವಾಳ ಪೇಟೆ ನೋಡಿತು, ನಮ್ಮ ಜಗಲಿಯ ನಾಲ್ವರೂ ನೋಡಿದರು. ಸಂತೋಷಪಟ್ಟವರು ಹಲವರು, ನಿರಾಸೆಪಟ್ಟವರೂ ಇದ್ದರು. ದನದ ಹೆಂಗಸು ಮಾತ್ರ ಸುದ್ದಿ ಕೇಳಿ, “ಹಾಗಾದರೆ ದನ ಹುಡುಕಿಕೊಟ್ಟದ್ದು ಬೇರೆ ಯಾರೋ ಇರಬೇಕು” ಎಂದರಂತೆ, ನಂಬಿಕೆ ಬಿಡಲಿಲ್ಲ. ವೈಸ್ ಚೇರ್ಮನ್ನರಿಗೆ ಹೋದ ಜೀವ ಬಂದಂತಾಯಿತು. ಮೀಟಿಂಗಿನ ದಿನ ಮಾವ ಒಂದು ಗಂಟೆ ಮಾತಾಡಿದರು. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಗೊತ್ತುವಳಿ ಪಾಸಾಯಿತು.

ಮರುದಿನ ಮಧ್ಯಾಹ್ನ ಕೈಯಲ್ಲಿ ಅರ್ಜಿ ಹಿಡಿದು, ಸುದ್ದಿ ತಿಳಿಯದ ಯಾರೋ ಅಂಗಳಕ್ಕೆ ಬಂದು ಕೂಗಿದರು: “ಚೇರ್ಮನ್ರು ಇದ್ದಾರಾ?”

ಮಾಮಿ ಗಂಜಿಯ ಸೌಟು ಹಿಡಿದೇ ಬಾಗಿಲಿಗೆ ಬಂದರು.

“ಚೇರ್ಮನ್ರು ಹೋದರು. ಇವರು ಇದ್ದಾರೆ. ಕೂತುಕೊಳ್ಳಿ, ಉಣ್ತಾ ಇದ್ದಾರೆ.”