ಬಣ್ಣ ಬಳಿದ ಟೈರು

ಮುನಿಶಾಮಿಯ ಕೈ ಸುಳ್ಳು ಹೇಳುವುದಿಲ್ಲ ಎಂಬುದು ಹಲಸೂರು ಕೆರೆಯ ದಡದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಇಪ್ಪತ್ತೆರಡು ವರ್ಷ ಅಲ್ಲಿನ ದೋಣಿ ಕ್ಲಬ್ಬಿನಲ್ಲಿ, ದೋಣಿ ಹೊರುವ ಟ್ರೇಲರ್ ಗಾಡಿಗಳ ಚಕ್ರ ನೋಡಿಕೊಂಡವನು ಅವನು. ಜೀಪಿಗೆ ಕಟ್ಟಿ ಗಾಡಿಯನ್ನು ಯಾವ ಕೆರೆಗೆ ಎಳೆದೊಯ್ದರೂ ಚಕ್ರದ ನಡುವಿನ ಹಬ್ಬಿನ ಮೇಲೆ ಅಂಗೈ ಇಟ್ಟು ನೋಡದೆ ನೀರಿಗಿಳಿಸಲು ಬಿಡುತ್ತಿರಲಿಲ್ಲ. ಬಿಸಿ ಹಬ್ಬು ತಣ್ಣೀರಿಗೆ ಇಳಿದರೆ ನೀರನ್ನು ಒಳಗೆಳೆದುಕೊಳ್ಳುತ್ತದೆ, ಗ್ರೀಸು ಮಜ್ಜಿಗೆಯಾಗುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ. ಕಾರಿನಲ್ಲಿ ಬಂದಿಳಿದ ಸಾಹೇಬರೂ ಕಾಯಲೇಬೇಕಿತ್ತು.

"ಅರ್ಧ ಗಂಟೆ ಕೂತ್ಕೊಳಿ ಸಾರ್. ಕೆರೆ ಎಲ್ಲೂ ಓಡ್ಹೋಗಲ್ಲ," ಎನ್ನುತ್ತಿದ್ದ.

ತೊಂಬತ್ತೇಳರಲ್ಲಿ ಕಾರ್ಯದರ್ಶಿಯಾಗಿ ಬಂದವರು ಭಗವಂತರಾಯರು. ವಿಮೆ ಕಚೇರಿಯಲ್ಲಿ ನಿವೃತ್ತರಾಗಿ ಇಂದಿರಾನಗರದಲ್ಲಿ ಮನೆ ಕಟ್ಟಿಸಿಕೊಂಡವರು. ಹೊಳೆಯುವುದೆಲ್ಲ ಚೆನ್ನಾಗಿದೆ ಎಂದು ನಂಬಿದವರು. ಆಯುಧಪೂಜೆಗೆ ವಾರವಿರುವಾಗ ಮುನಿಶಾಮಿ ಅವರನ್ನು ಕರೆದು ದೊಡ್ಡ ಗಾಡಿಯ ಟೈರು ತೋರಿಸಿದ. ವರ್ಷದಲ್ಲಿ ಹತ್ತು ಸಲ ಓಡಿ, ಉಳಿದ ದಿನವೆಲ್ಲ ಬಿಸಿಲಲ್ಲಿ ನಿಂತ ಟೈರದು. ಅದರ ಪಕ್ಕೆಯೆಲ್ಲ ಬಿರುಕು ಬಿಟ್ಟಿತ್ತು. ರಾಯರು ಬಗ್ಗಿ ಬೆರಳಿಟ್ಟರು. ಉಗುರು ಪೂರಾ ಒಳಗಿಳಿಯಿತು.

"ಟೈರಿನ ಗೆರೆ ಸವೆದೇ ಇಲ್ವಲ್ಲಯ್ಯ. ಹಬ್ಬಕ್ಕೆ ಕಪ್ಪು ಬಣ್ಣ ಬಳಿದುಬಿಡು, ಲಕ್ಷಣವಾಗಿರುತ್ತೆ," ಎಂದು ಕೈ ಒರೆಸಿಕೊಂಡು ಹೋದರು.

ಮೇಲೆ ಬಸಪ್ಪ, ಒಳಗೆ ವಿಷಪ್ಪ. ಮುನಿಶಾಮಿಗೆ ಮೈಯೆಲ್ಲ ಉರಿಯಿತು. ಆದರೂ ಹಬ್ಬದ ಹೊತ್ತಲ್ಲಿ ಜಗಳ ಯಾಕೆ ಎಂದು ಅವನೇ ಬ್ರಷ್ ಹಿಡಿದ. ಬಿರುಕು ಮುಚ್ಚಿತು. ಅದರ ಮೇಲೆ ವಿಭೂತಿ ಎಳೆದು, ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟವನೂ ಅವನೇ.

ಮರು ಭಾನುವಾರ ಹೊಸಕೋಟೆ ಕೆರೆಗೆ ಹೊರಟ ಗಾಡಿ ಕೆ.ಆರ್. ಪುರ ದಾಟುವಷ್ಟರಲ್ಲಿ ಟೈರು ಸಿಡಿದು ಮಗುಚಿಕೊಂಡಿತು. ದೋಣಿ ಎರಡು ಹೋಳು. ಬಸ್ಸಿಗೆ ಕಾಯುತ್ತಿದ್ದ ಸೊಪ್ಪು ಮಾರುವ ಅಮೃತಮ್ಮನ ಕಾಲು ಮುರಿಯಿತು.

ಮಂಗಳವಾರ ಕ್ಲಬ್ಬಿನ ಸಮಿತಿಯವರು ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ರಾಯರು ವರದಿ ಬರೆದೇ ತಂದಿದ್ದರು: ಗ್ರೀಸು ಹಾಕದೆ ಬೇರಿಂಗು ಹಿಡಿದುಕೊಂಡಿತು, ತಪ್ಪು ಮುನಿಶಾಮಿಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಅದಕ್ಕೆ ಮುನಿಶಾಮಿಯದೊಂದು ಸಹಿ ಬಿದ್ದರೆ ಕೆಲಸ ಉಳಿಯುತ್ತದಂತೆ.

ಬೇರಿಂಗಿನ ಮಾತು ಕೇಳಿದ್ದೇ ಮುನಿಶಾಮಿಗೆ ಕಣ್ಣು ಕೆಂಪಾಯಿತು. ಸಿಡಿದ ಚಕ್ರದ ಹಬ್ಬಿನ ಮುಚ್ಚಳ ಬಿಚ್ಚಿ, ಒಳಗಿನ ಗ್ರೀಸನ್ನು ಬೆರಳಲ್ಲಿ ತೆಗೆದು ಎಲ್ಲರಿಗೂ ತೋರಿಸಿದ. ತುಪ್ಪದ ಹಾಗೆ ಶುದ್ಧವಾಗಿತ್ತು. ಒಂದೇ ಬೆರಳಲ್ಲಿ ತಳ್ಳಿದರೆ ಚಕ್ರ ಸದ್ದಿಲ್ಲದೆ ತಿರುಗಿತು. ಆಮೇಲೆ ಸೀಮೆಎಣ್ಣೆ ಬಟ್ಟೆ ತಂದು ಅದೇ ಚಕ್ರದಲ್ಲಿ ಉಳಿದಿದ್ದ ಟೈರಿನ ತುಂಡನ್ನು ತಿಕ್ಕಿದ. ಬಣ್ಣ ಬಿಟ್ಟು ಬಿರುಕುಗಳು ಒಂದೊಂದಾಗಿ ಎದ್ದವು.

"ಬಣ್ಣ ಬಳಿದದ್ದು ಯಾರಯ್ಯ? ನೀನೇ ತಾನೆ?" ಎಂದರು ರಾಯರು.

"ಹೌದು ಸಾರ್, ನಾನೇ. ಆ ತಪ್ಪಿಗೆ ಸಹಿ ಹಾಕ್ತೀನಿ. ಬೇರಿಂಗಿಗೆ ಹಾಕಲ್ಲ."

ವರದಿಯನ್ನು ಮಗುಚಿ, ಹಿಂಬದಿಯ ಖಾಲಿ ಹಾಳೆಯಲ್ಲಿ ಓರೆಕೋರೆ ಅಕ್ಷರದಲ್ಲಿ ಬರೆದ: 'ಟೈರು ಬಿರುಕು ಬಿಟ್ಟಿದ್ದು ನೋಡಿದೆ. ಗೊತ್ತಿದ್ದೂ ಬಣ್ಣ ಬಳಿದೆ.' ಕೆಳಗೆ ಹೆಸರು ಹಾಕಿ ಪೆನ್ನನ್ನು ರಾಯರ ಮುಂದಿಟ್ಟ.

"ನೀವೂ ನೋಡಿದ್ರಿ ಸಾರ್. ನನ್ನ ಹೆಸರಿನ ಪಕ್ಕದಲ್ಲಿ ನಿಮ್ಮದೂ ಬರೀರಿ."

ರಾಯರು ಪೆನ್ನು ಮುಟ್ಟಲಿಲ್ಲ. ಸಮಿತಿಯವರು ಕೆರೆಯ ಕಡೆ ನೋಡುತ್ತ ಕೂತರು. ಮುನಿಶಾಮಿ ಕೈಯ ಗ್ರೀಸು ಒರೆಸಿಕೊಂಡು ಶೆಡ್ಡಿನ ಬೀಗದಕೈಯನ್ನು ಆ ಹಾಳೆಯ ಮೇಲಿಟ್ಟ. ಅಲ್ಲಿಂದ ನೇರ ಆಸ್ಪತ್ರೆಗೆ ನಡೆದು ಅಮೃತಮ್ಮನ ಮಂಚದ ಹತ್ತಿರ ನಿಂತ.

"ಆ ಟೈರಿಗೆ ಬಣ್ಣ ಬಳಿದವನು ನಾನೇ ಕಣಮ್ಮ," ಎಂದ.